ನಡುವಿನಿಂದ ಕೇಳಬೇಡಿ

ಸ್ಕೂಟರಿನ ಚಾವಿ ಕಸಿದುಕೊಂಡವಳು ಹೆಂಡತಿ, ಮಗಳಲ್ಲ. ಇಷ್ಟು ಖಚಿತ. ಉಳಿದದ್ದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತಿದ್ದೇನೆ. ಆ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲವಾದ್ದರಿಂದ ಓದುವವರೂ ನಂಬಬೇಕಾಗಿಲ್ಲ. ನಾಗಪುರದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಒಂದು ಮಾತನ್ನು ಒಪ್ಪುವ ಮೊದಲು ಅದು ಸುಳ್ಳಾಗಿರಬಹುದೇ ಎಂದು ನೋಡುವುದು ವಿಶ್ವವಿದ್ಯಾಲಯ ನನಗೆ ಹಚ್ಚಿದ ಚಟ. ಆ ಚಟವನ್ನು ದೇವರ ಮೇಲೆ, ಪತ್ರಿಕೆಗಳ ಮೇಲೆ, ನೆಂಟರ ಮೇಲೆ ಪ್ರಯೋಗಿಸಿ ಅಭ್ಯಾಸವಿತ್ತು. ನನ್ನ ಮೇಲೆಯೇ ಪ್ರಯೋಗಿಸುವ ಪ್ರಸಂಗ ಬಂದದ್ದು ಅರವತ್ಮೂರನೆಯ ವಯಸ್ಸಿನಲ್ಲಿ, ಕೂಲರಿನ ಹುಲ್ಲು ತರಲು ಹೋದಾಗ.

ಹೋಳಿ ಮುಗಿಯಿತೆಂದರೆ ಇಲ್ಲಿ ಮನೆಮನೆಯ ಕೂಲರುಗಳು ಅಟ್ಟದಿಂದ ಇಳಿದು ಕಿಟಕಿಗೆ ಬರುತ್ತವೆ. ಬದಿಗಳಲ್ಲಿ ನೀರು ಹಿಡಿದು ಗಾಳಿ ತಂಪು ಮಾಡುವ ಹಳೆಯ ಹುಲ್ಲು ಕಿತ್ತು ಹೊಸದು ತುಂಬಬೇಕು. ಸ್ಕೂಟರ್ ಹತ್ತಿ ಬುಲ್ಡಿ ಪೇಟೆಗೆ ಹೋದೆ, ನಿಲ್ಲಿಸಿದೆ, ಹುಲ್ಲು ಕೊಂಡೆ, ಹೊರಗೆ ಬಂದೆ. ಸ್ಕೂಟರ್ ಇರಲಿಲ್ಲ. ಅಂದರೆ, ಇದೆ ಎಂದು ನಾನು ಅಂದುಕೊಂಡ ಜಾಗದಲ್ಲಿ ಇರಲಿಲ್ಲ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಒಂದು ತಾಸು ಸುತ್ತಿದೆ. ಈ ಗಲ್ಲಿ ಹೊಕ್ಕೆ, ಆ ಗಲ್ಲಿಯಿಂದ ಹೊರಬಿದ್ದೆ, ಮತ್ತೆ ಇನ್ನೊಂದು ಹೊಕ್ಕೆ. ಮೆಟ್ರೋದ ಕಂಬಗಳು ಬಂದ ಮೇಲೆ ಆ ರಸ್ತೆಯ ಎರಡೂ ದಂಡೆ ಒಂದೇ ಥರ ಕಾಣುತ್ತವೆ. ಕೊನೆಗೆ ಆಟೋ ಹಿಡಿದು ಮನೆಗೆ ಬಂದೆ. ಆಟೋದವನು ದಾರಿಯುದ್ದಕ್ಕೂ ತನ್ನ ಸೀಟಿಗೆ ಬಿದ್ದ ಹುಲ್ಲಿನ ಬಗ್ಗೆಯೇ ಮಾತಾಡಿದ.

ಕಳವಾಗಿದೆ ಎಂದು ನಾನು ಮನೆಯಲ್ಲಿ ಹೇಳಿದೆ. ಮರುದಿನ ಹೆಂಡತಿ ಮತ್ತು ಮಗಳು ಹೋಗಿ ನೋಡಿದರೆ ಸ್ಕೂಟರ್ ಹುಲ್ಲಿನ ಅಂಗಡಿಯ ಎದುರು ದಂಡೆಯಲ್ಲೇ, ಒಂದು ಕಂಬದ ಕೆಳಗೆ ನಿಂತಿತ್ತು. ಸೀಟಿನ ಮೇಲೆ ಹಕ್ಕಿಗಳು ಹೇತಿದ್ದವು. ಅವರು ಅದನ್ನು ಮನೆಗೆ ತಂದು ನಿಲ್ಲಿಸಿದರು. ಹೆಂಡತಿ ಚಾವಿಯನ್ನು ತನ್ನ ಬೀರುವಿನ ಗೊಂಚಲಿಗೆ ಸೇರಿಸಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಸ್ಕೂಟರ್ ಇಲ್ಲದಿದ್ದರೆ ನಮ್ಮ ಲೇಔಟಿನ ಗೇಟಿನಿಂದ ಆಚೆ ಹೋಗಲು ನಾನು ಯಾರನ್ನಾದರೂ ಕೇಳಬೇಕು. ಮನುಷ್ಯ ಹೀಗೆಯೇ ಮನೆಯೊಳಗೆ ಕುಳಿತುಬಿಡುತ್ತಾನೆ. ಮೊದಲು ಒಂದು ಚಾವಿ, ಆಮೇಲೆ ಬ್ಯಾಂಕಿಗೆ ಜೊತೆಗೊಬ್ಬರು, ಆಮೇಲೆ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬೇಡಿ ಎಂಬ ಮಾತು. ಈ ಕ್ರಮ ನನಗೆ ಗೊತ್ತಿತ್ತು. ಒಮ್ಮೆ ಇನ್ನೊಬ್ಬರ ಮೇಲೆ ನಾನೇ ಅದನ್ನು ನಡೆಸಿದ್ದೆ. ಆ ಮಾತು ಮುಂದೆ ಬರುತ್ತದೆ.

ಚಾವಿ ಕೊಡಿಸು ಎಂದು ಮಗಳನ್ನು ಕೇಳಿದೆ. ಅವಳು ಮಿಹಾನ್‌ನ ಐಟಿ ವಸಾಹತಿನ ಒಂದು ಆಫೀಸಿನಲ್ಲಿದ್ದಾಳೆ. ಗಿರಾಕಿಗಳು ಇಟಲಿಯವರು, ಹಾಗಾಗಿ ಮಧ್ಯಾಹ್ನದ ಪಾಳಿ. ಹನ್ನೆರಡೂವರೆಗೆ ಕಂಪನಿಯ ಕ್ಯಾಬ್ ಬರುತ್ತದೆ.

"ಅಪ್ಪಾ, ಇದು ಗಾಡಿದ ಸವಾಲ್ ಅಲ್ಲ," ಅಂದಳು. "ಮೆಮರಿದ ಸವಾಲ್ ಐತಿ."

ಹಾಗಾದರೆ ಮೆಮರಿಯನ್ನೇ ಪರೀಕ್ಷಿಸು ಎಂದೆ. ಕಂಪನಿ ಅವಳಿಗೆ ಇಟಾಲಿಯನ್ ಕಲಿಸುತ್ತಿತ್ತು. ನಮ್ಮ ಫ್ರಿಜ್ಜಿನ ಬಾಗಿಲ ತುಂಬ ಕ್ರಿಯಾಪದಗಳ ರೂಪಪಟ್ಟಿಗಳು, ಮಗಳ ಮಾತಿನಲ್ಲಿ ತಖ್ತೆಗಳು, ಅಂಟಿಕೊಂಡಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಯಾವುದೆಂದು ಕೇಳಿದೆ. ಅವಳು ಹಾಲಿನ ಪಾತ್ರೆ ತೆಗೆಯುತ್ತಲೇ ಒಂದರ ಮೇಲೆ ಬೆರಳಿಟ್ಟಳು. ಅಂದಾರೆ. ಹೋಗು ಎಂದು ಅರ್ಥ.

"ಇದು ಬರೋಬರ್ ಹುಚ್ಚ ಐತಿ. ಒಂದು ರೂಲ್ ಕೇಳಂಗಿಲ್ಲ. ನಮ್ಮ ಕ್ಲಾಸಿನಾಗ ಅರ್ಧ ಮಂದಿ ಇದನ್ನ ನೋಡೇ ಓಡ್ಯಾರ."

ನಾನು ಷರತ್ತು ಹಾಕಿದೆ. ಒಂದು ತಿಂಗಳು. ಆ ಕ್ರಿಯಾಪದದ ಎಲ್ಲ ಕಾಲಗಳ, ಎಲ್ಲ ಅರ್ಥಗಳ, ಎಲ್ಲ ರೂಪಗಳನ್ನೂ ಒಪ್ಪಿಸುತ್ತೇನೆ. ಒಂದೂ ತಪ್ಪಿಲ್ಲದೆ ಒಪ್ಪಿಸಿದರೆ ಚಾವಿ ನನ್ನದು. ತಪ್ಪಿದರೆ ಸ್ಕೂಟರನ್ನು ಮಾರಿಬಿಡಿ. ಅಡುಗೆಮನೆಯಿಂದ ಹೆಂಡತಿಯ ನಗು ಕೇಳಿಸಿತು. ಮಗಳು ಕರುಣೆ ತೋರಿಸಿ, ಸಹಾಯಕ ಕ್ರಿಯಾಪದ ಹಚ್ಚಿ ಮಾಡುವ ಜೋಡಿ ಕಾಲಗಳನ್ನು ಬಿಟ್ಟುಕೊಟ್ಟಳು. ಆದರೂ ನಲವತ್ತೇಳು ರೂಪಗಳು ಉಳಿದವು. ವಾಸ್ತವವನ್ನು ಹೇಳುವ ನಾಲ್ಕು ಕಾಲ, ‘ಹೋದಾನು’ ಎನ್ನುವಂಥ ಸಂಭಾವನೆಯ ಎರಡು, ‘ಹೀಗಾದರೆ ಹೋಗುತ್ತಿದ್ದೆ’ ಎನ್ನುವ ಒಂದು, ತಲಾ ಆರು. ಕೊನೆಗೆ ಅಪ್ಪಣೆ, ಅದಕ್ಕೆ ಐದೇ ರೂಪ. ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳಲು ಆ ಭಾಷೆಯಲ್ಲಿ ರೂಪವಿಲ್ಲ.

ಹಳೆಯ ಕಾಲೇಜಿನಿಂದ ತಂದಿದ್ದ ಪುರವಣಿ ಹಾಳೆಗಳ ಮೇಲೆ ಅವನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ನಾನು ಹೋಗುತ್ತೇನೆ: ವಾದೊ. ನೀನು: ವಾಯ್. ಅವನು: ವಾ. ನಾವು ಬಂದ ಕೂಡಲೇ ಮನೆಯೇ ಬದಲಾಗಿಬಿಡುತ್ತದೆ: ಅಂದಿಯಾಮೊ. ನೀವು: ಅಂದಾತೆ. ಅವರು ಅಂದಾಗ ಮತ್ತೆ ಹಳೆಯ ಮನೆಗೆ: ವಾನ್ನೊ. ಒಂದೇ ಕ್ರಿಯೆಗೆ ಎರಡು ಬೇರು. ಸಂಬಂಧವೇ ಇಲ್ಲದ ಇಬ್ಬರು ಒಂದೇ ಹೆಸರಿನಲ್ಲಿ ಸಂಸಾರ ಮಾಡಿದಂತೆ. ಭವಿಷ್ಯತ್ತಿಗೆ ಹೋದರೆ ನಡುವಿನ ಸ್ವರವನ್ನೇ ನುಂಗಿ ಅಂದ್ರೊ, ಅಂದ್ರಾಯ್ ಎನ್ನುತ್ತದೆ. ಹೀಗೇಕೆ ಎಂದು ಮಗಳನ್ನು ಕೇಳಿದರೆ, ಹಂಗಽ ಐತಿ ಅನ್ನುತ್ತಾಳೆ.

ನನಗೆ ಆ ಪದದ ಮೇಲೆ ಅಭಿಮಾನವೇ ಬಂತು. ಸೂತ್ರಕ್ಕೆ ಬಗ್ಗದ್ದರ ಬಗ್ಗೆ ನನಗೆ ಮೊದಲಿನಿಂದಲೂ ಒಲವು. ಕನ್ನಡದಲ್ಲಿ ತರು ಎನ್ನುವುದು ತಂದ ಆಗುವಾಗ, ಕೊಲ್ಲು ಎನ್ನುವುದು ಕೊಂದ ಆಗುವಾಗ ನಾವು ಒಮ್ಮೆಯೂ ತಡೆದು ಕೇಳಿದವರಲ್ಲ. ನಮ್ಮ ಹಳೆಯ ವ್ಯಾಕರಣದಲ್ಲಿ ನಿಷೇಧಕ್ಕೂ ಬೇರೆಯೇ ರೂಪವಿದೆ: ಹೋಗೆನು. ಒಂದೇ ಪದದಲ್ಲಿ ಒಲ್ಲೆ ಎಂದು ಮುಗಿಸಿಬಿಡಬಹುದು. ಇಟಲಿಯವರಿಗೆ ಆ ಸುಖವಿಲ್ಲ. ಅವರು ಮೊದಲು ‘ನೋನ್’ ಎಂದು ಆಮೇಲೆ ಹೋಗಬೇಕು.

ಎರಡು ವಾರ ವೈಜ್ಞಾನಿಕವಾಗಿ ಕಲಿತೆ. ಬಾಯಿಪಾಠ ಮಾಡಬೇಡಿ, ಅರ್ಥ ಮಾಡಿಕೊಳ್ಳಿ ಎಂದು ಮೂವತ್ತು ವರ್ಷ ಹುಡುಗರಿಗೆ ಬುದ್ಧಿ ಹೇಳಿದವನು ಬೇರೆ ಹೇಗೆ ಕಲಿಯಬೇಕು? ಅಡ್ಡಸಾಲು ನೀಟಸಾಲು ಹಾಕಿದೆ, ಬಾಲಗಳಿಗೆ ಬಣ್ಣ ಬಳಿದೆ, ಅಪವಾದಗಳನ್ನು ಬೇರೆ ಕಾಗದಕ್ಕೆ ಇಳಿಸಿದೆ. ಇವತ್ತು ಹತ್ತು ಬಂದರೆ ನಾಳೆ ಎಂಟು ಹೋಗುತ್ತಿದ್ದವು. ಹದಿನೈದನೆಯ ದಿನವೋ ಏನೋ, ಬೆಳಿಗ್ಗೆ ಪೈಪು ಹಿಡಿದು ಕೂಲರಿಗೆ ನೀರು ತುಂಬುತ್ತಿದ್ದಾಗ ನಾಲಿಗೆ ತಾನಾಗಿ ಒಂದು ರಾಗಕ್ಕೆ ಬಿತ್ತು. ವಾದೊ, ವಾಯ್, ವಾ; ಅಂದಿಯಾಮೊ, ಅಂದಾತೆ, ವಾನ್ನೊ. ಮೂರಕ್ಕೊಂದು ಏರು, ಆರಕ್ಕೊಂದು ಇಳಿತ. ಅದು ಮಗ್ಗಿಯ ರಾಗವೆಂದು ತಿಳಿಯುವಷ್ಟರಲ್ಲಿ ಕೂಲರು ತುಂಬಿ ನೀರು ಕಾಲ ಮೇಲೆ ಹರಿಯುತ್ತಿತ್ತು.

ನನ್ನ ತಂದೆ ಗದಗ ಕಡೆಯವರು. ಆರ್ಡನನ್ಸ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದು ಇಲ್ಲಿಯವರೇ ಆದರು. ಕ್ವಾರ್ಟರ್ಸಿನಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ನಾನು ಗೋಡೆಗೆ ಬೆನ್ನು ಹಚ್ಚಿ ಕೂತು ಮಗ್ಗಿ ಹೇಳಬೇಕು. ಹದಿನೇಳ ಒಂದಲೆ ಹದಿನೇಳು, ಹದಿನೇಳ ಎರಡಲೆ ಮೂವತ್ನಾಲ್ಕು. ಅವರು ಹೊಸ್ತಿಲ ಮೇಲೆ ಕೂತು ಬೆರಳಿನಿಂದ ತಾಳ ಹಾಕುತ್ತಿದ್ದರು. ಮೂವತ್ತರವರೆಗೆ ಮುಗಿದ ಮೇಲೆ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ. ತಪ್ಪಿದರೆ ತಪ್ಪಿದಲ್ಲಿಂದ ಮುಂದೆ ಬಿಡುತ್ತಿರಲಿಲ್ಲ; ಮೊದಲಿನಿಂದ. ಊರಿನ ಭಾಷೆ ಮನೆಯಲ್ಲಿ ಕರಗುತ್ತಿದ್ದರೂ ಎಣಿಕೆ ಕನ್ನಡದಲ್ಲೇ ಉಳಿಯಿತು. ಇಂದಿಗೂ ಚಿಲ್ಲರೆ ಲೆಕ್ಕಕ್ಕೆ ನನ್ನ ತುಟಿ ಕನ್ನಡದಲ್ಲಿ ಅಲುಗಾಡುತ್ತದೆ.

ಆ ರಾಗ ಸಿಕ್ಕ ಮೇಲೆ ಒಂದು ವಾರ ಸಾಕಾಯಿತು. ಎಲ್ಲ ನಲವತ್ತೇಳೂ ಸಾಲಾಗಿ ಬಂದು ಕೂತವು. ಬೆಳಿಗ್ಗೆ ಎದ್ದಾಗಿನಿಂದ ಜಪ ನಡೆದಿರುತ್ತಿತ್ತು. ಅಂದ್ರೇಯ್, ಅಂದ್ರೆಸ್ತಿ, ಅಂದ್ರೆಬ್ಬೆ. ಹೆಂಡತಿ ಜೋಳದ ಭಕ್ರಿ ಬಡಿಯುತ್ತ ಹೇಳಿದಳು, "ಮುಂಜಾನಿಂದ ಅಂದ್ರ ಅಂದ್ರ ಅನ್ನಾಕ ಹತ್ತೀರಿ. ಅಂದ್ರ ಏನು ಅನ್ನೂದು ಮಾತ್ರ ಹೇಳವಲ್ರಿ."

ಒಂದು ರವಿವಾರ ಮುಂಜಾನೆ ಮಗಳ ಮುಂದೆ ಕೂತೆ. ಒಪ್ಪಿಸಲು ಗಂಟಲು ಸರಿಪಡಿಸಿಕೊಂಡೆ. ಅವಳು ಕೈ ಅಡ್ಡ ಹಿಡಿದಳು. ಹಾಗಲ್ಲ, ನಾನು ಕೇಳಿದ್ದನ್ನು ಹೇಳಬೇಕು ಅಂದಳು. ಅವಳ ಫೋನಿನಲ್ಲಿ ಅಭ್ಯಾಸಕ್ಕೊಂದು ಆ್ಯಪ್ ಇದೆ. ಅದು ಎಲ್ಲಿಂದಾದರೂ ಒಂದನ್ನು ಎತ್ತಿ ಕೇಳುತ್ತದೆ, ಹತ್ತು ಸೆಕೆಂಡು ಕೊಡುತ್ತದೆ.

"ಕಂಡಿಷನಲ್. ನಾವು."

ಬಾಯಿ ತೆರೆದೆ. ಬಾಗಿಲಲ್ಲಿ ವಾದೊ ಬಂದು ನಿಂತಿತ್ತು. ಅದನ್ನು ಸರಿಸಿದರೆ ವಾಯ್. ಒಳಗಿನಿಂದ ಎಲ್ಲವೂ ಸರದಿ ಬಿಡದೆ ಬರಲು ಹೊರಟಿದ್ದವು. ನಾನು ಪಿಸುಗುಟ್ಟುತ್ತ ಮೊದಲಿನಿಂದ ಹೊರಟೆ. ಭೂತಕಾಲಕ್ಕೆ ಮುಟ್ಟುವಷ್ಟರಲ್ಲಿ ಫೋನು ಟಣ್ ಅಂದಿತು. ಇನ್ನೊಂದು ಕೇಳಿದಳು. ಮತ್ತೆ ಟಣ್. ಹತ್ತರಲ್ಲಿ ಎರಡು ಬಂದವು, ಅವೂ ಮೊದಲ ಸಾಲಿನವು. ಎಲ್ಲ ಬರುತ್ತದೆ, ಮೊದಲಿನಿಂದ ಹೇಳಲು ಬಿಡು ಎಂದೆ. ಆ ದನಿ ಬೇಡಿಕೊಳ್ಳುವ ದನಿಯಾಗಿತ್ತೆಂದು ಈಗ ಅನಿಸುತ್ತದೆ.

ಮಗಳಿಗೆ ಸಿಟ್ಟಿರಲಿಲ್ಲ. ಅದೇ ಕೆಟ್ಟದ್ದು. ಮೆತ್ತಗೆ ಹೇಳಿದಳು:

"ಅಪ್ಪಾ, ನಡುವಿನಿಂದ ಬರಲಿಲ್ಲಂದ್ರ ಅದು ನೆನಪಲ್ಲ. ಅದು ಟೇಪು."

ಒಳಗೆ ಲಟ್ಟಣಿಗೆಯೋ ಭಕ್ರಿಯ ಸದ್ದೋ, ಇದ್ದದ್ದು ನಿಂತಿತು. ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಈ ಮಾತು ಈ ಮನಿಯೊಳಗ ಒಮ್ಮೆ ಆಡಿ ಆಗೇತಿ," ಅಂದಳು. ಮತ್ತೆ ಒಳಗೆ ಹೋದಳು.

ಯಾರು ಆಡಿದ್ದು ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಅಗತ್ಯವಿತ್ತು, ಏಕೆಂದರೆ ನನಗೆ ನಿಜಕ್ಕೂ ನೆನಪಿರಲಿಲ್ಲ. ಮರುದಿನ, ಮಗಳ ಕ್ಯಾಬ್ ಹೋದ ಮೇಲೆ, ಹೆಂಡತಿ ಮೆಂತೆಪಲ್ಯ ಸೋಸುತ್ತ ಕೂತಿದ್ದಾಗ ಎದುರಿಗೆ ಹೋಗಿ ಕೂತೆ.

ನನಗೆ ನೆನಪಿರುವುದು ಇಷ್ಟು. ನಮ್ಮ ಮದುವೆಯಾಗಿ ಎರಡು ವರ್ಷವಾಗಿತ್ತು. ತಂದೆ ಫ್ಯಾಕ್ಟರಿಯಿಂದ ನಿವೃತ್ತರಾಗಿ ನಮ್ಮೊಡನಿದ್ದರು. ದಿನಾ ಸೈಕಲ್ ಮೇಲೆ ಕಾಯಿಪಲ್ಯ ತರುವುದು ಅವರ ಕೆಲಸ. ಒಂದು ದಿನ ಮಧ್ಯಾಹ್ನವಾದರೂ ಬರಲಿಲ್ಲ. ಫ್ಯಾಕ್ಟರಿಯ ಗೇಟಿನ ಪಹರೆಯವನೊಬ್ಬ ಗುರುತು ಹಿಡಿದು ಕರೆತಂದ. ಖಾಲಿ ಚೀಲ ಸಿಕ್ಕಿಸಿದ ಸೈಕಲ್ ಹಿಡಿದು ಗೇಟಿನ ಎದುರು ನಿಂತಿದ್ದರಂತೆ. ನಿವೃತ್ತರಾದದ್ದನ್ನೇ ಮರೆತು ಡ್ಯೂಟಿಗೆ ಹೋಗಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಆದರೆ ಬರಿಯ ಊಹೆಯ ಮೇಲೆ ನಿರ್ಧಾರ ಮಾಡುವವನಲ್ಲವಲ್ಲ ನಾನು. ಪರೀಕ್ಷೆ ಮಾಡಿದೆ. ಅವರಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು ಮಗ್ಗಿ. ಇಪ್ಪತ್ತು ಚೀಟಿಗಳ ಮೇಲೆ ಇಪ್ಪತ್ತು ಪ್ರಶ್ನೆ ಬರೆದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಕುಲುಕಿ, ಒಂದೊಂದಾಗಿ ಎತ್ತಿ ಕೇಳಿದೆ. ಹದಿನೇಳ ಎಂಟಲೆ? ಇಪ್ಪತ್ತಮೂರ ಆರಲೆ? ಸಾಲಾಗಿ ಕೇಳಿದರೆ ರೂಢಿಯ ಬಲದಿಂದ ಹೇಳಿಬಿಡುತ್ತಾರೆಂದು ಬೇಕೆಂದೇ ಕುಲುಕಿದ್ದೆ. ಮಾದರಿ ತೆಗೆಯುವುದೆಂದರೆ ಹಾಗೆಯೇ ತೆಗೆಯಬೇಕು. ಅವರು ನಾಲ್ಕಕ್ಕೆ ಉತ್ತರ ಕೊಟ್ಟರು. ಸೈಕಲ್ಲಿನ ಹಿಂದಿನ ಗಾಲಿಗೆ ಬೀಗ ಹಾಕಿ ಚಾವಿಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಅವರು ಆಮೇಲೆ ಎರಡು ವರ್ಷ ಬದುಕಿದ್ದರು. ದಿನಾ ಮುಂಜಾನೆ ಬೀಗ ಹಾಕಿದ ಆ ಸೈಕಲ್ಲನ್ನು ಅರಿವೆಯಿಂದ ಒರೆಸುತ್ತಿದ್ದರು.

ಇದನ್ನೆಲ್ಲ ಹೆಂಡತಿ ಕೇಳಿಸಿಕೊಂಡಳು. ಸೋಸುವ ಕೈ ನಿಲ್ಲಲಿಲ್ಲ.

"ನಾಕಲ್ಲ," ಅಂದಳು. "ಮಾಮಾರು ಒಂದೂ ಹೇಳಲಿಲ್ಲ." ಮಾವನನ್ನು ಅವಳು ಹಾಗೆ ಕರೆಯುತ್ತಿದ್ದಳು. "ತುಟಿ ಅಷ್ಟ ಅಲಗಾಡತಿದ್ವು. ನೀವು ಗಡಿಯಾರ ನೋಡಿ ಮುಂದಿನ ಚೀಟಿ ತಗೀತಿದ್ರಿ."

ಮುಂದಿನದನ್ನು ಅವಳು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ನಾನು ಕಾಲೇಜಿಗೆ ಹೋದ ಮೇಲೆ ಮಧ್ಯಾಹ್ನ ಅವರು ಹೊಸ್ತಿಲ ಮೇಲೆ ಕೂತು ಎಲ್ಲ ಮಗ್ಗಿಗಳನ್ನೂ ಹೇಳುತ್ತಿದ್ದರಂತೆ, ಎರಡರಿಂದ ಮೂವತ್ತರವರೆಗೆ, ಆಮೇಲೆ ಕಾಲು, ಅರೆ, ಮುಕ್ಕಾಲು. ಒಂದು ತಪ್ಪು ಇರುತ್ತಿರಲಿಲ್ಲ. ಗೇಟಿಗೆ ಹೋದದ್ದು ಡ್ಯೂಟಿಗಲ್ಲ. ಸಂತೆಯ ಹತ್ತಿರ ಹೊಸ ರಸ್ತೆ ಬಿದ್ದಿತ್ತು, ತಿರುವು ಗುರುತು ಸಿಗಲಿಲ್ಲ. ಮೂವತ್ತು ವರ್ಷ ಅವರು ಎಲ್ಲಿಗೆ ಹೋದರೂ ಫ್ಯಾಕ್ಟರಿಯ ಗೇಟಿನಿಂದಲೇ ಹೋದವರು. ಸಂತೆಗೆ, ಆಸ್ಪತ್ರೆಗೆ, ನನ್ನ ಶಾಲೆಗೆ. ದಾರಿ ತಪ್ಪಿದ್ದರಿಂದ ಮೊದಲಿನಿಂದ ಹೊರಡಲು ಗೇಟಿಗೆ ಹೋದರು. ಅಲ್ಲಿಂದ ಇನ್ನೇನು ಹೊರಡಬೇಕು ಅನ್ನುವಾಗ ಪಹರೆಯವನು ಹಿಡಿದುಕೊಂಡು ಬಂದ.

ಇದು ನಿನಗೆ ಹೇಗೆ ಗೊತ್ತು ಎಂದೆ. ಅವರೇ ಹೇಳಿದ್ದರು ಅಂದಳು. ಅಷ್ಟೇ ಅಲ್ಲ. ಚಾವಿ ನನ್ನ ಜೇಬು ಸೇರಿದ ಮೇಲೆ ವಾರಕ್ಕೆರಡು ಸಲ ಅವಳೇ ಅವರನ್ನು ನಡೆಸಿಕೊಂಡು ಸಂತೆಗೆ ಹೋಗುತ್ತಿದ್ದಳು.

"ಸಂತಿ ಬಾಯಿಗೆ ಹೋದಕೂಡ್ಲೆ, ನೀ ನಿಲ್ಲವಾ ಇಲ್ಲೇ, ನಾ ಗೇಟಿಗೆ ಹೋಗಿ ಬರತೀನಿ ಅಂತಿದ್ರು. ನಾ ಕಾಯಿಪಲ್ಯದ ಪಿಶವಿ ಹಿಡಕೊಂಡು ನಿಂತಿರತಿದ್ದೆ. ಗೇಟಿಗೆ ಹೋಗಿ, ಅಲ್ಲಿಂದ ಬರೋಬರ್ ನನ್ನ ಹಂತ್ಯಾಕ ಬಂದು ನಿಂದರತಿದ್ರು. ಒಮ್ಮೆನೂ ತಪ್ಪಲಿಲ್ಲ."

"ನಂಗ್ಯಾಕ ಹೇಳಲಿಲ್ಲ?"

"ಹೇಳಿದ್ದೆ," ಅಂದಳು. "ಮಗ್ಗಿ ಎಲ್ಲಾ ಬರ್ತಾವ್ರಿ ಅವರಿಗೆ, ಮೊದಲಿಂದ ಕೇಳ್ರಿ ಅಂದೆ. ನೀವು ಏನಂದ್ರಿ? ಮೊದಲಿಂದ ಹೇಳಾಕ ಬುದ್ಧಿ ಬೇಕಾಗೂದಿಲ್ಲ, ಅದು ಟೇಪು ಅಂದ್ರಿ."

ಇಲ್ಲಿ ನಾನು ಸಿಕ್ಕಿಬೀಳುತ್ತೇನೆ. ಈ ಮಾತು ಆಡಿದ್ದು ನನಗೆ ನೆನಪಿಲ್ಲ. ನನ್ನದೇ ಮಾತೆಂದು ಮಾತ್ರ ಗೊತ್ತಾಗುತ್ತದೆ, ಏಕೆಂದರೆ ಅದೇ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅವಳ ನೆನಪು ನನ್ನದಕ್ಕಿಂತ ಸರಿ ಎನ್ನಲು ಸಾಕ್ಷಿಯಿಲ್ಲ. ಡಬ್ಬಿ ಇಲ್ಲ, ಚೀಟಿಗಳಿಲ್ಲ, ಗೇಟಿನ ಪಹರೆಯವನು ಎಲ್ಲಿದ್ದಾನೋ. ನಾಲ್ಕು ಉತ್ತರ ಎಂದು ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದೆ; ಸೊನ್ನೆಯಾಗಿದ್ದರೆ ನನ್ನ ತೀರ್ಮಾನ ಇನ್ನೂ ಗಟ್ಟಿಯಾಗಬೇಕಿತ್ತು. ಆದರೆ ಆಗಲಿಲ್ಲ. ತುಟಿ ಅಲುಗಾಡುತ್ತಿತ್ತು ಎಂದಳಲ್ಲ, ಅದು ನನ್ನನ್ನು ಬಿಡಲಿಲ್ಲ. ಹಿಂದಿನ ದಿನವಷ್ಟೇ ಮಗಳ ಎದುರು ನನ್ನ ತುಟಿ ಅಲುಗಾಡಿದ್ದವು. ಅವರು ಹದಿನೇಳ ಒಂದಲೆಯಿಂದ ಹೊರಟು ಎಂಟರ ಕಡೆಗೆ ಬರುತ್ತಿದ್ದರು. ಆರನೆಯದರ ಹತ್ತಿರ ಎಲ್ಲೋ ಇದ್ದಾಗ ನಾನು ಮುಂದಿನ ಚೀಟಿ ಎತ್ತಿದೆ.

ಮಾದರಿ ತೆಗೆಯುವ ವಿಧಾನ ನಿರ್ದೋಷವಾಗಿತ್ತು. ಮತ್ತೆ ಕಲಿಸಬೇಕಾಗಿ ಬಂದರೂ ಹಾಗೆಯೇ ಕಲಿಸುತ್ತೇನೆ. ಆದರೆ ಹಾರವನ್ನು ಕಡಿದು, ಡಬ್ಬಿಯಲ್ಲಿ ಕುಲುಕಿ, ಇದು ಹಾರವೇ ಅಲ್ಲ ಎಂದು ಸಾಧಿಸಿದವನು ನಾನು. ತಂದೆಯ ನೆನಪು ಹೋಗಿತ್ತೋ ಇಲ್ಲವೋ ಎಂದು ಇನ್ನು ಯಾರೂ ಹೇಳಲಾರರು. ನಾನು ಅದನ್ನು ಪರೀಕ್ಷಿಸಿರಲಿಲ್ಲ ಎಂಬುದಷ್ಟೇ ಹೇಳಬಹುದು.

ಅಂದು ಸಂಜೆ ಅಳುವುದಕ್ಕೆ ಬದಲು ನನಗೆ ಸಿಟ್ಟು ಬಂತು. ಒಳ್ಳೆಯದೇ ಆಯಿತು. ಆ ಮನುಷ್ಯ ಸುಮ್ಮನೆ ಬೀಗ ಹಾಕಿದ ಸೈಕಲ್ ಒರೆಸಿದ; ನಾನು ಸುಮ್ಮನೆ ಕೂಲರಿಗೆ ನೀರು ತುಂಬುತ್ತ ಕೂರಲಾರೆ. ಅವರು ಒಮ್ಮೆಯೂ ಹೇಳದ ಮಾತನ್ನು ನಾನು ಹೇಳಬೇಕಾಗಿತ್ತು.

ತಿಂಗಳು ಮುಗಿಯುವ ದಿನ, ಕ್ಯಾಬ್ ಬರುವ ಸ್ವಲ್ಪ ಮೊದಲು, ಮಗಳಿಗೆ ಹೇಳಿದೆ. ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ನಡುವೆ ನಿಂತರೆ ಮತ್ತೆ ಮೊದಲಿನಿಂದ ಹೊರಡುತ್ತೇನೆ. ಎಷ್ಟು ಹೊತ್ತಾದರೂ ಕೇಳಬೇಕು. ನಡುವಿನಿಂದ ಕೇಳಿದರೆ ಉತ್ತರ ಕೊಡುವುದಿಲ್ಲ.

"ಅರೆ, ಇದು ಚೀಟಿಂಗ್ ಐತಿ. ಹಂಗ ಹೇಳಾಕ ಯಾರಿಗೂ ಬರ್ತೈತಿ."

"ನಿನಗ ಬರ್ತೈತೇನು?"

ಒಂದು ವರ್ಷದಿಂದ ಕಲಿಯುತ್ತಿದ್ದರೂ ನಲವತ್ತೇಳನ್ನು ಒಂದೇ ಉಸಿರಿಗೆ ಅವಳು ಹೇಳಲಾರಳು. ಬೇಕಾದದ್ದನ್ನು ಮಾತ್ರ ಎತ್ತಿಕೊಳ್ಳುತ್ತಾಳೆ. ಅವಳಿಗೆ ಅದು ಸಾಕು, ಅದರಲ್ಲೇ ಅವಳ ಕೆಲಸ ನಡೆಯುತ್ತದೆ. ನನ್ನದು ಬೇರೆ ಥರದ ತಲೆ, ಕೆಟ್ಟ ತಲೆಯಲ್ಲ. ಇಷ್ಟನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಹೆಂಡತಿ ಒಳಗಿನಿಂದ ಬಂದು ಕುರ್ಚಿ ಎಳೆದು ಕೂತಳು.

"ಪರೀಕ್ಷಾ ನನ್ನ ಮುಂದ ಆಗಲಿ," ಅಂದಳು. "ಚಾವಿ ನನ್ನ ಹಂತ್ಯಾಕ ಐತಿ."

ಮಗಳು ಫ್ರಿಜ್ಜಿನಿಂದ ತಖ್ತೆ ಕಿತ್ತು ತಂದು ಪೆನ್ಸಿಲ್ ಹಿಡಿದಳು. ಶುರು ಮಾಡಿದೆ. ವರ್ತಮಾನ ಹೋಯಿತು, ರೂಢಿಯ ಭೂತ ಹೋಯಿತು, ಮುಗಿದ ಭೂತ ಹೋಯಿತು. ಭವಿಷ್ಯತ್ತಿನಲ್ಲಿ ಎಡವಿದೆ, ಹಿಂದೆ ಬಂದೆ, ವಾದೊದಿಂದ ಹೊರಟೆ. ಎರಡನೆಯ ಸಲ ಸಂಭಾವನೆಯವರೆಗೆ ಮುಟ್ಟಿದೆ. ಅಂದಾಸ್ಸಿ, ಅಂದಾಸ್ಸಿ, ಆಮೇಲೆ ಕತ್ತಲೆ. ಮತ್ತೆ ವಾದೊ. ಕೈ ತಾನಾಗಿ ಕುರ್ಚಿಯ ಹಿಡಿಕೆಯ ಮೇಲೆ ತಾಳ ಹಾಕುತ್ತಿತ್ತು. ಹೊರಗೆ ಕ್ಯಾಬ್ ಬಂದು ಹಾರ್ನ್ ಹೊಡೆಯಿತು. ಮಗಳು ಏಳಲು ಹೋದಳು. ನಾನು ನಿಲ್ಲಿಸಲಿಲ್ಲ. ಅವಳು ಚಪ್ಪಲಿ ಹಾಕಿಕೊಂಡು ತಖ್ತೆ ಹಿಡಿದೇ ಗೇಟಿಗೆ ನಡೆದಳು, ನಾನು ಹಿಂದಿನಿಂದ ನಡೆದೆ, ಸಂಭಾವನೆ ದಾಟಿದೆ, ಷರತ್ತು ದಾಟಿದೆ. ಕ್ಯಾಬಿನವನು ಹಾರ್ನಿನ ಮೇಲಿನ ಕೈ ತೆಗೆದು ನನ್ನನ್ನೇ ನೋಡುತ್ತಿದ್ದ. ಅಂದ್ರೆಬ್ಬೆರೊ. ಕೊನೆಗೆ ಅಪ್ಪಣೆಯ ಐದನ್ನು ಕಾರಿನ ಕಿಟಕಿಯಲ್ಲಿ ಅವಳ ಮುಖದ ಮೇಲೆಯೇ ಹೇಳಿದೆ. ಹೋಗು, ಹೋಗಲಿ, ಹೋಗೋಣ, ಹೋಗಿರಿ, ಅವರು ಹೋಗಲಿ.

ಅವಳು ತಖ್ತೆ ನೋಡಿದಳು. ನಲವತ್ತಾರು ಗುರುತುಗಳಿದ್ದವು. ಒಂದರ ಹತ್ತಿರ ಅಡ್ಡಗೆರೆ. ಸಂಭಾವನೆಯಲ್ಲಿ ‘ನೀವು’ ಬಂದಾಗ ಅಂದಿಯಾತೆ ಎನ್ನುವ ಬದಲು ಅಂದಾತೆ ಎಂದಿದ್ದೆ, ಅಲ್ಲಿಗೆ ಮುಟ್ಟಿದ ಎರಡೂ ಸಲ.

"ಒಂದು ತಪ್ಪೈತಿ ಅಪ್ಪಾ," ಅಂದಳು, ಸೋತವಳ ಹಾಗೆ.

ಮೂವತ್ತು ವರ್ಷ ಪೇಪರ್ ತಿದ್ದಿದವನು ನಾನು. ಷರತ್ತಿನ ಪ್ರಕಾರ ಸೋತೆ ಎಂದು ಒಪ್ಪಿಕೊಂಡೆ. ಷರತ್ತು ಸರಿಯಾಗಿತ್ತು ಎಂದು ಒಪ್ಪಿಕೊಳ್ಳಲಿಲ್ಲ. ಕ್ಯಾಬ್ ಹೋಯಿತು. ತಿರುಗಿದರೆ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಗೊಂಚಲು. ಉಗುರಿನಿಂದ ಒಂದು ಚಾವಿಯನ್ನು ಬಿಡಿಸುತ್ತಿದ್ದಳು.

"ನಂಗೇನ ಇಟಾಲಿಯನ್ ಬರ್ತೈತಿ?" ಅಂದಳು. "ನಂಗ ಯಾವ ತಪ್ಪೂ ಕೇಳಲಿಲ್ಲ. ನಡೀರಿ, ಕಾಯಿಪಲ್ಯ ಇಲ್ಲ. ನಾನೂ ಹಿಂದ ಕೂಡತೀನಿ."

ಬುಲ್ಡಿಗೆ ಹೋದೆವು. ಚೌಕದಿಂದ ಎಡಕ್ಕೆ ಹೊರಳಿ, ಮೂರು ಕಂಬ ದಾಟಿ, ಬೆಲ್ಟು ಮಾರುವವನ ಪಕ್ಕದಲ್ಲಿ ನಿಲ್ಲಿಸಿದೆ. ಇದನ್ನು ಮನಸ್ಸಿನಲ್ಲಿ ರಾಗ ಹಾಕಿಯೇ ಇಟ್ಟುಕೊಂಡೆ. ಗಲ್ಲಿ ಹೊಕ್ಕು ಬದನೆ, ಮೆಂತೆ, ಒಂದು ಡಜನ್ ಸಂತ್ರಾ ಹಣ್ಣು ಕೊಂಡೆವು. ಅವಳು ಚೌಕಾಸಿ ಮಾಡುತ್ತ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ನನ್ನನ್ನು ಹೊರಗೆ ತಂದಳು. ಆ ಬಾಯಿಯಿಂದ ನಾನು ಯಾವತ್ತೂ ಹೊರಬಿದ್ದವನಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಎರಡೂ ದಂಡೆ ಒಂದೇ ಥರ.

"ಗಾಡಿ ಅಲ್ಲೇ ಎದುರಿಗೆ ಕಾಣಸ್ತೈತಲ್ರಿ," ಅಂದಳು.

ಕಾಣಿಸುತ್ತಿತ್ತೋ ಇಲ್ಲವೋ ಈಗ ಹೇಳಲಾರೆ. ಕಾಣಿಸಿದ್ದರೂ ನಾನು ಆ ಕಡೆ ನೋಡುತ್ತಿರಲಿಲ್ಲ. ನೀನು ಇಲ್ಲೇ ನಿಲ್ಲು, ಚೌಕಕ್ಕೆ ಹೋಗಿ ಬರುತ್ತೇನೆ ಎಂದೆ. ಅವಳು ಬೇಡ ಅನ್ನಲಿಲ್ಲ. ಬಿಸಿಲಲ್ಲಿ ಚೌಕದವರೆಗೆ ನಡೆದೆ, ಎಡಕ್ಕೆ ಹೊರಳಿದೆ, ಒಂದು ಕಂಬ, ಎರಡು ಕಂಬ, ಮೂರು ಕಂಬ, ಬೆಲ್ಟಿನವನು. ಸ್ಕೂಟರ್ ಇತ್ತು. ಸೀಟು ಕಾದು ಕೆಂಡವಾಗಿತ್ತು. ಅದನ್ನು ಜೇಬಿನ ಕರವಸ್ತ್ರದಿಂದ ಒಮ್ಮೆ ಒರೆಸಿ, ಚಾಲೂ ಮಾಡಿ, ರಸ್ತೆ ದಾಟಿಸಿ, ಗಲ್ಲಿಯ ಬಾಯಿಯಲ್ಲಿ ಪಿಶವಿ ಹಿಡಿದು ನಿಂತಿದ್ದ ಅವಳ ಎದುರಿಗೆ ಬಂದು ನಿಲ್ಲಿಸಿದೆ.